ಗಂಡ-ಹೆಂಡತಿ ಪಿಟಿಷನ್ ಐ-130: ನಿಮ್ಮದು ಎಷ್ಟು ತಿಂಗಳಿಗೆ ಅಪ್ರೂವ್ ಆಯ್ತು?

ಎರಡು_ಗಡಿಯಾರ · 2025 ಜೂನ್ 14

ಎಲ್ಲರಿಗೂ ನಮಸ್ಕಾರ. ಆರು ತಿಂಗಳಿಂದ ಇಲ್ಲಿ ಓದ್ತಾ ಇದೀನಿ, ಬರೆಯೋದು ಇದೇ ಮೊದಲು. 2024ರ ಫೆಬ್ರವರಿ 11ಕ್ಕೆ ನಮ್ಮ ಮದುವೆ ಆಯ್ತು. ನಮ್ಮನೆಯವರು ಅಮೆರಿಕದ ಸಿಟಿಜನ್, ನಾನು ಇಂಡಿಯಾದಲ್ಲಿದೀನಿ. ಮೇ ತಿಂಗಳಲ್ಲಿ ಅವರು ಆನ್‌ಲೈನಿನಲ್ಲಿ ನನ್ನನ್ನ ಅಲ್ಲಿಗೆ ಕರೆಸಿಕೊಳ್ಳೋ ಪಿಟಿಷನ್ ಐ-130 ಹಾಕಿ 625 ಡಾಲರ್ ಕಟ್ಟಿದ್ರು. ರಸೀದಿ ನಂಬರ್ ಬಂತು. ಅಷ್ಟೇ. ಅಲ್ಲಿಂದ ಇಲ್ಲಿಗೆ ಹದಿಮೂರು ತಿಂಗಳು, ಸ್ಟೇಟಸ್‌ನಲ್ಲಿ ಒಂದಕ್ಷರ ಬದಲಾಗಿಲ್ಲ.

ಬೆಳಗ್ಗೆ ಎದ್ದು ಮುಖ ತೊಳೆಯೋಕೆ ಮುಂಚೆ ನಾನು ಅದನ್ನ ನೋಡ್ತೀನಿ. ಅಲ್ಲಿ ಅವರು ಮಲಗೋಕೆ ಮುಂಚೆ ನೋಡ್ತಾರೆ. ಆಮೇಲೆ ಫೋನ್ ಮಾಡಿ ಇಬ್ಬರೂ "ಏನೂ ಇಲ್ಲ ಅಲ್ವಾ" ಅಂತೀವಿ.

ಪರಿಚಯದವರೊಬ್ಬರು ನಮಗಿಂತ ಎರಡು ತಿಂಗಳು ತಡವಾಗಿ ಹಾಕಿದ್ರು, ಅವರದ್ದು ಆಗಲೇ ಅಪ್ರೂವ್ ಆಗಿದೆ. ನಮ್ಮ ಫೈಲ್ ಎಲ್ಲಾದ್ರೂ ಸಿಕ್ಕಿಹಾಕಿಕೊಂಡಿದೆಯಾ? ನಿಮ್ಮದು ಎಷ್ಟು ತಿಂಗಳು ಹಿಡೀತು? ಏನಾದ್ರೂ ಮಾಡೋದಿದೆಯಾ, ಇಲ್ಲ ಕೈ ಕಟ್ಟಿ ಕೂರಬೇಕಾ?


ಬೆಳಗಿನ_ಬಂಡಿ · ಜೂನ್ 14

ನಮ್ಮದು ಹನ್ನೊಂದು ತಿಂಗಳು. ನನ್ನ ಕಸಿನ್‌ದು ಅದೇ ವಾರ ಹಾಕಿದ್ದು, ಹದಿನಾರು. ಇಬ್ಬರದ್ದೂ ಸಿಟಿಜನ್ ಕೇಸೇ, ಇಬ್ಬರ ದಾಖಲೆಗಳೂ ಹೆಚ್ಚುಕಮ್ಮಿ ಒಂದೇ ಥರ. ಯಾಕೆ ಅಂತ ಕೇಳಬೇಡಿ, ನಮಗೂ ಗೊತ್ತಾಗಿಲ್ಲ. ಧೈರ್ಯ ತಗೊಳ್ಳಿ.


ಹಳೇ_ಫೈಲು · ಜೂನ್ 15

ಎರಡು_ಗಡಿಯಾರ ಅವರೇ, ಮೊದಲು ಒಂದು ತಪ್ಪು ತಿಳಿವಳಿಕೆ ಸರಿಮಾಡಿಬಿಡ್ತೀನಿ. ಯುಎಸ್‌ಸಿಐಎಸ್, ಅಂದ್ರೆ ಅಮೆರಿಕದ ವಲಸೆ ಇಲಾಖೆಯ ಪುಟದಲ್ಲಿ ಕಾಣೋ ತಿಂಗಳ ಲೆಕ್ಕ ಸರಾಸರಿ ಅಲ್ಲ. ನೂರರಲ್ಲಿ ಎಂಬತ್ತು ಕೇಸು ಎಷ್ಟು ಕಾಲದೊಳಗೆ ಮುಗಿದಿವೆ ಅನ್ನೋದು ಅದು. ಹಾಗಂದ್ರೆ ತುಂಬಾ ಜನರದ್ದು ಅದಕ್ಕಿಂತ ಮುಂಚೆಯೇ ಮುಗಿದಿರುತ್ತೆ, ಇಪ್ಪತ್ತು ಜನರದ್ದು ಅದನ್ನೂ ದಾಟಿರುತ್ತೆ. ನಿಮ್ಮ ಪರಿಚಯದವರು ಬೇಗ ಮುಗಿದ ಗುಂಪಿನವರು ಅಷ್ಟೇ. ಒಬ್ಬರ ಟೈಮ್‌ಲೈನ್ ಇನ್ನೊಬ್ಬರಿಗೆ ಪಂಚಾಂಗ ಆಗಲ್ಲ.

ಆ ಪುಟದಲ್ಲೇ ರಸೀದಿ ತಾರೀಕು ಹಾಕಿದರೆ "ನೀವು ಈಗ ವಿಚಾರಿಸಬಹುದು" ಅಥವಾ "ಇಂಥ ದಿನದ ನಂತರ ವಿಚಾರಿಸಿ" ಅಂತ ಬರುತ್ತೆ. ಆ ದಿನ ಬರೋ ತನಕ ಕೇಳಿದ್ರೂ ಸಿದ್ಧ ಉತ್ತರ ಬಿಟ್ಟು ಬೇರೇನೂ ಸಿಗಲ್ಲ. ಇನ್ನೊಂದು, ಫಾರ್ಮ್ ಆರಿಸುವಾಗ ಸಿಟಿಜನ್ ಆದವರು ತಮ್ಮ ಗಂಡ ಅಥವಾ ಹೆಂಡತಿಗಾಗಿ ಹಾಕಿದ್ದು ಅನ್ನೋ ಸಾಲನ್ನೇ ಆರಿಸಿ. ಒಂದು ಐ-130 ಹೆಸರಿನಡಿ ಅಣ್ಣತಮ್ಮಂದಿರ ಕೇಸು, ದೊಡ್ಡ ಮಕ್ಕಳ ಕೇಸು ಎಲ್ಲ ಇವೆ. ಬೇರೆ ಸಾಲು ನೋಡಿ ಎದೆ ಒಡೆದುಕೊಂಡವರನ್ನ ನೋಡಿದೀನಿ.

ಕೊನೆಯದಾಗಿ, ನೀವು ಕಾಯ್ತಿರೋದು ಒಂದೇ ಸರದಿ ಅಂತ ಅಂದುಕೊಂಡಿದ್ರೆ ಅದು ಹಾಗಲ್ಲ. ಮೊದಲನೆಯದು ಈ ಅಪ್ರೂವಲ್. ಆಮೇಲೆ ಫೈಲು ನ್ಯಾಷನಲ್ ವೀಸಾ ಸೆಂಟರ್‌ಗೆ ಹೋಗುತ್ತೆ, ಎನ್‌ವಿಸಿ ಅಂತಾರೆ, ನ್ಯೂ ಹ್ಯಾಂಪ್‌ಶೈರಿನ ಪೋರ್ಟ್ಸ್‌ಮತ್‌ನಲ್ಲಿದೆ. ಅಲ್ಲಿ ಫೀಸು, ವೀಸಾ ಅರ್ಜಿ ಡಿಎಸ್-260, ಹಣಕಾಸಿನ ಕಾಗದ. ಅದು ಮುಗಿದ ಮೇಲೆ ಕಾನ್ಸುಲೇಟಿನ ಇಂಟರ್‌ವ್ಯೂಗೆ ಇನ್ನೊಂದು ಸರದಿ. ಮೊದಲನೆಯದರಲ್ಲಿ ನಿಮ್ಮ ಕೈಯಲ್ಲಿ ಏನೂ ಇಲ್ಲ. ಎರಡನೆಯದರಲ್ಲಿ ಬಹುಪಾಲು ನಿಮ್ಮ ಕೈಯಲ್ಲೇ ಇದೆ. ಈಗಿನ ಖಾಲಿ ತಿಂಗಳುಗಳನ್ನ ಅದಕ್ಕೆ ಬಳಸಿಕೊಳ್ಳಿ.


ಗಡಿನಾಡ_ಹುಡುಗ · ಜೂನ್ 15

ನಮ್ದು ಬ್ಯಾರೆನ ಕತಿ ಐತ್ರೀ. ನಾ ಇನ್ನೂ ಗ್ರೀನ್ ಕಾರ್ಡಿನ ಮ್ಯಾಲೆ ಅದೀನಿ, ಸಿಟಿಜನ್ ಅಲ್ಲ. ಪಿಟಿಷನ್ ಹಾಕಿ ಹತ್ತೊಂಬತ್ತು ತಿಂಗಳಾತು. ಅಪ್ರೂವ್ ಆತಂದ್ರ ಆಕಿ ವಿಮಾನ ಹತ್ತಿದಂಗನ ಅಂತ ತಿಳಕೊಂಡಿದ್ದೆ. ನಿನ್ನೆ ಒಬ್ರು ಅಂದ್ರು, ಅಪ್ರೂವ್ ಆದ ಮ್ಯಾಲೂ ಕಾಯಬೇಕು, ವೀಸಾ ಬುಲೆಟಿನ್ ಅಂತ ಒಂದು ಐತಿ ಅಂತ. ಖರೇನ ಏನ್ರೀ? ಮಗಳೂ ಅದಾಳ, ಮೂರು ವರ್ಷದಾಕಿ. ಬರೋ ಮಾರ್ಚಿಗೆ ನಂದು ಕಾರ್ಡ್ ಬಂದು ಐದು ವರ್ಷ ತುಂಬತೈತಿ.


ಹಳೇ_ಫೈಲು · ಜೂನ್ 15

ಖರೇ ಸರ್. ಸಿಟಿಜನ್‌ನ ಗಂಡ-ಹೆಂಡತಿಗೆ ವರ್ಷದ ಮಿತಿ ಅನ್ನೋದೇ ಇಲ್ಲ. ಗ್ರೀನ್ ಕಾರ್ಡಿನವರ ಸಂಗಾತಿ ಮತ್ತು ಚಿಕ್ಕ ಮಕ್ಕಳು ಬರೋದು ಎಫ್2ಎ ವರ್ಗದಲ್ಲಿ. ಇಡೀ ಪ್ರಪಂಚಕ್ಕೆ ವರ್ಷಕ್ಕೆ ಸುಮಾರು 87,900 ವೀಸಾ. ನೀವು ಪಿಟಿಷನ್ ಹಾಕಿದ ದಿನವೇ ನಿಮ್ಮ ಪ್ರಯಾರಿಟಿ ಡೇಟ್. ಯಾವ ತಾರೀಕಿನವರ ಸರದಿ ಬಂತು ಅಂತ ತಿಂಗಳು ತಿಂಗಳು ಹೇಳೋ ಬುಲೆಟಿನ್‌ನಲ್ಲಿ ಆ ತಾರೀಕು ತೆರೆಯೋ ತನಕ ಅಪ್ರೂವಲ್ ಕಾಗದ ಬೀರುವಿನಲ್ಲಿರುತ್ತೆ. 2019ರ ಜುಲೈನಿಂದ 2023ರ ಮಾರ್ಚ್‌ವರೆಗೆ ಈ ವರ್ಗ ಪೂರ್ತಿ ತೆರೆದಿತ್ತು, ಯಾರೂ ಬುಲೆಟಿನ್ ಕಡೆ ತಲೆ ಹಾಕ್ತಿರಲಿಲ್ಲ. ಏಪ್ರಿಲ್‌ನಲ್ಲಿ ಒಮ್ಮೆಲೇ ಹಿಂದಕ್ಕೆ ಸರೀತು. ಅವತ್ತಿಂದ ನಿಮ್ಮಂಥವರಿಗೆ ಎರಡೆರಡು ಕಾಯುವಿಕೆ.

ಸಮಾಧಾನದ ಮಾತು: ಐದು ವರ್ಷ ತುಂಬೋಕೆ 90 ದಿನ ಮುಂಚೆಯೇ ನಾಗರಿಕತ್ವದ ಅರ್ಜಿ ಎನ್-400 ಹಾಕಬಹುದು. ಪ್ರಮಾಣವಚನ ತಗೊಂಡ ದಿನವೇ ನಿಮ್ಮ ಪತ್ನಿಯ ಪಿಟಿಷನ್ ಸಿಟಿಜನ್ ವರ್ಗಕ್ಕೆ ಹೋಗುತ್ತೆ, ಹೊಸದಾಗಿ ಹಾಕಬೇಕಿಲ್ಲ. ಸರ್ಟಿಫಿಕೇಟಿನ ಪ್ರತಿ ಕಳಿಸಿ ತಿಳಿಸಿದರೆ ಸಾಕು.

ಆದರೆ ಇಲ್ಲೊಂದು ಗುಂಡಿ ಇದೆ, ಇದನ್ನ ದಯವಿಟ್ಟು ಎರಡು ಸಲ ಓದಿ. ಎಫ್2ಎ ಇರೋ ತನಕ ಮಗಳು ಅಮ್ಮನ ಪಿಟಿಷನ್ ಸೆರಗು ಹಿಡಿದುಕೊಂಡು ಬರಬಹುದು. ನೀವು ಸಿಟಿಜನ್ ಆದ ಕ್ಷಣ ಆ ಸೆರಗು ಕೈತಪ್ಪುತ್ತೆ. ಸಿಟಿಜನ್ ವರ್ಗದಲ್ಲಿ ಒಬ್ಬರಿಗೆ ಒಂದು ಪಿಟಿಷನ್. ಮಗಳ ಹೆಸರಿನಲ್ಲಿ ಬೇರೆ ಐ-130 ಇಲ್ಲದಿದ್ರೆ ಅಮ್ಮನ ವೀಸಾ ಬಂದಿರುತ್ತೆ, ಮಗುವಿನದ್ದು ಶುರುವೇ ಆಗಿರಲ್ಲ. ಇವತ್ತೇ ಹಾಕಿಬಿಡಿ.


ಗಡಿನಾಡ_ಹುಡುಗ · ಜೂನ್ 16

ಅಯ್ಯೋ ಮಾರಾಯ್ರ, ಇದನ್ನ ಯಾರೂ ಹೇಳಿರಲಿಲ್ರೀ. ರಾತ್ರಿನ ಕುಂತು ಹಾಕಿದೆ. ಇನ್ನೊಂದು 625 ಹೋತು, ಹೋಗ್ಲಿ. ಮಗಳನ್ನ ಬಿಟ್ಟು ಬಾ ಅಂತ ಆಕಿಗೆ ಯಾವ ಬಾಯಿಲೆ ಹೇಳ್ಲಿ?


ಬೆಳಗಿನ_ಬಂಡಿ · ಜೂನ್ 16

ಒಂದು ಖುಷಿ ವಿಷಯ ಸೇರಿಸ್ತೀನಿ. ಅಪ್ಪ ಸಿಟಿಜನ್ ಆಗಿದ್ದು, ಮಗು 18 ತುಂಬೋ ಮುಂಚೆ ಇಮಿಗ್ರಂಟ್ ವೀಸಾದಲ್ಲಿ ಬಂದು ಅಪ್ಪನ ಜೊತೆಯೇ ವಾಸ ಮಾಡಿದ್ರೆ ಅದು ತಾನಾಗೇ ಸಿಟಿಜನ್ ಆಗುತ್ತೆ. 2000ನೇ ಇಸವಿಯ ಕಾನೂನು. ನಿಮ್ಮ ಮಗಳು ಅಮ್ಮನಿಗಿಂತ ಮೊದಲೇ ನೀಲಿ ಪಾಸ್‌ಪೋರ್ಟ್ ತೋರಿಸ್ತಾಳೆ ನೋಡಿ.


ತಾಳ್ಮೆ_ಇಲ್ಲ · ಜೂನ್ 18

ಇಷ್ಟೆಲ್ಲ ಕಾಯೋ ಬದಲು ಸಿಟಿಜನ್ ಸಂಗಾತಿಗಿರೋ ತಾತ್ಕಾಲಿಕ ವೀಸಾ ಕೆ-3 ಹಾಕಿದ್ರೆ ಬೇಗ ಅಂತ ಕೇಳಿದ್ದೆ. ಅದೂ ಬೇಡ ಅಂದ್ರೆ ವಿಸಿಟರ್ ವೀಸಾ ತಗೊಂಡು ಬಂದು ಇಲ್ಲೇ ಗ್ರೀನ್ ಕಾರ್ಡಿಗೆ ಸ್ಟೇಟಸ್ ಬದಲಾಯಿಸಿಕೊಳ್ಳೋದು. ನಮ್ಮ ಆಫೀಸಿನಲ್ಲಿ ಒಬ್ಬರು ಹಾಗೇ ಮಾಡಿದ್ರು. ನೀವೆಲ್ಲ ಯಾಕೆ ಇಷ್ಟು ಸುತ್ತು ಹಾಕ್ತೀರೋ.


ಹಳೇ_ಫೈಲು · ಜೂನ್ 18

ಕೆ-3 ಇದೆ, ಕಾಗದದ ಮೇಲೆ. ಇದೇ ಕಾಯುವಿಕೆ ತಪ್ಪಿಸೋಕೆ ಅಂತ 2000ದ ಕೊನೆಯಲ್ಲಿ ಮಾಡಿದ್ದು. ಅದಕ್ಕೂ ಮೊದಲು ಐ-130 ಹಾಕಿರಬೇಕು, ಆಮೇಲೆ ಕೆ-3ರದ್ದೇ ಪಿಟಿಷನ್ ಐ-129ಎಫ್. ಆ ಐ-129ಎಫ್ ಇತ್ಯರ್ಥ ಆಗೋ ಹೊತ್ತಿಗೆ ಸಾಮಾನ್ಯವಾಗಿ ಐ-130 ಆಗಿರುತ್ತೆ, ಆಗ ಕೆ-3 ಫೈಲ್ ಮುಚ್ಚಿಬಿಡ್ತಾರೆ. ಈಗ ಕೆ-3 ಮೇಲೆ ಬಂದವರು ಅಪರೂಪದಲ್ಲಿ ಅಪರೂಪ.

ವಿಸಿಟರ್ ವೀಸಾ ವಿಷಯ ಬೇರೆಯೇ. ಅದರ ಅರ್ಜಿ ಡಿಎಸ್-160ಯಲ್ಲಿ "ನಿಮ್ಮ ಪರವಾಗಿ ಯಾರಾದರೂ ಇಮಿಗ್ರಂಟ್ ಪಿಟಿಷನ್ ಹಾಕಿದ್ದಾರಾ" ಅಂತ ನೇರ ಪ್ರಶ್ನೆ ಇದೆ. ಹೌದು ಅಂದ್ರೆ, ವಾಪಸ್ ಬರ್ತೀನಿ ಅಂತ ಅಧಿಕಾರಿಯನ್ನ ಒಪ್ಪಿಸೋ ಭಾರ ನಿಮ್ಮದು. ಹೆಚ್ಚಿನವರಿಗೆ ವಲಸೆ ಕಾನೂನಿನ 214(ಬಿ) ಅಡಿ ಇಲ್ಲ ಅನ್ನೋ ಚೀಟಿ ಸಿಗುತ್ತೆ. ಸಿಕ್ಕಿತು ಅಂತ ಪಿಟಿಷನ್ ಏನೂ ಹಾಳಾಗಲ್ಲ. ಆದರೆ ಅಲ್ಲಿ ಸುಳ್ಳು ಹೇಳಿದರೆ ಅದು ವಂಚನೆ ಅಂತ ದಾಖಲಾಗುತ್ತೆ, ಜೀವನಪೂರ್ತಿ ಬಾಗಿಲು ಮುಚ್ಚೋ ವಿಷಯ. ಇಲ್ಲೇ ಉಳಿಯೋ ಲೆಕ್ಕ ಮನಸ್ಸಿನಲ್ಲಿಟ್ಟುಕೊಂಡು "ಸುಮ್ಮನೆ ನೋಡೋಕೆ ಬಂದೆ" ಅಂತ ಗಡಿಯಲ್ಲಿ ಹೇಳೋದೂ ಅದೇ ಜಾತಿ. ನಿಮ್ಮ ಆಫೀಸಿನವರಿಗೆ ಆಗಿರಬಹುದು ಸರ್. ರಸ್ತೆ ನೋಡದೆ ದಾಟಿದವರೆಲ್ಲ ಸಾಯಲ್ಲ.


ತಾಳ್ಮೆ_ಇಲ್ಲ · ಜೂನ್ 18

ಸರಿ ಸರಿ. ಹೆಸರೇ ತಾಳ್ಮೆ ಇಲ್ಲ ಅಂತ ಇಟ್ಟುಕೊಂಡಿದೀನಿ, ಬೈಸಿಕೊಂಡೆ.


ಮಧ್ಯರಾತ್ರಿ_ಕರೆ · ಜೂನ್ 21

ಯಾರೂ ಕೋರ್ಟಿನ ಮಾತು ಎತ್ತಿಲ್ಲ, ನಾನು ಎತ್ತುತೀನಿ. ನಮ್ಮದು 22 ತಿಂಗಳು ದಾಟಿತ್ತು, ವಿಚಾರಿಸೋ ದಿನವೂ ಕಳೆದು ಐದು ತಿಂಗಳಾಗಿತ್ತು. ಎರಡು ಸಲ ವಿಚಾರಿಸಿದ್ವಿ, ನಮ್ಮ ಕಾಂಗ್ರೆಸ್ ಸದಸ್ಯರ ಕಚೇರಿ ಮೂಲಕವೂ ಕೇಳಿಸಿದ್ವಿ. ಆ ಕಚೇರಿಯ ಹೆಣ್ಣುಮಗಳು ತುಂಬಾ ಒಳ್ಳೆಯವರು, ಪ್ರತಿ ವಾರ ಉತ್ತರ ಬರೀತಿದ್ರು. ಉತ್ತರ ಮಾತ್ರ ಪ್ರತಿ ವಾರವೂ ಒಂದೇ. ಕೊನೆಗೆ ಫೆಡರಲ್ ಕೋರ್ಟಿನಲ್ಲಿ ಮ್ಯಾಂಡಮಸ್ ಹಾಕಿದ್ವಿ. ಕೋರ್ಟ್ ಫೀಸು 405 ಡಾಲರ್, ವಕೀಲರದ್ದು ಅದರ ಹತ್ತು ಪಟ್ಟು. ಏಳು ವಾರಕ್ಕೆ ಪಿಟಿಷನ್ ಅಪ್ರೂವ್ ಆಯ್ತು. ನ್ಯಾಯಾಧೀಶರ ಮುಂದೆ ಹೋಗೋ ಪ್ರಸಂಗವೇ ಬರಲಿಲ್ಲ.

ಕೇಸು ಹಾಕಿದ್ರೆ ಸಿಟ್ಟಿಗೆ ತಿರಸ್ಕರಿಸ್ತಾರೆ ಅಂತ ನಮ್ಮ ಮಾವ ಹೆದರಿಸಿದ್ರು. ಹಾಗೇನೂ ಆಗಲಿಲ್ಲ.


ದಾಖಲೆ_ದಾಸ · ಜೂನ್ 21

ನಿಮಗೆ ಆಯ್ತು, ಸಂತೋಷ. ಆದರೆ ಹದಿಮೂರು ತಿಂಗಳಿನವರಿಗೆ ಈ ಆಸೆ ಹುಟ್ಟಿಸಬೇಡಿ. ಮ್ಯಾಂಡಮಸ್ ಅಂದ್ರೆ "ಅಪ್ರೂವ್ ಮಾಡಿ" ಅನ್ನೋ ಆದೇಶ ಅಲ್ಲ, "ಏನಾದರೊಂದು ತೀರ್ಮಾನ ಕೊಡಿ" ಅನ್ನೋ ಆದೇಶ. ಫೈಲಿನಲ್ಲಿ ಹುಳುಕಿದ್ರೆ ಬೇಗ ಬರೋದು ತಿರಸ್ಕಾರವೇ. ಜೊತೆಗೆ ವಿಳಂಬ ಅತಿಯಾಯ್ತಾ ಇಲ್ಲವಾ ಅಂತ ಕೋರ್ಟುಗಳು ನೋಡೋದು 1984ರ ಒಂದು ತೀರ್ಪಿನ ಅಳತೆಗೋಲಿನಿಂದ. ಎಲ್ಲರೂ ಕಾಯ್ತಿರುವಾಗ ಒಬ್ಬರನ್ನ ಸರದಿ ಮುರಿದು ಮುಂದೆ ಬಿಡಬೇಕಾ ಅನ್ನೋ ಪ್ರಶ್ನೆ ಅಲ್ಲಿ ಬಂದೇ ಬರುತ್ತೆ. ಮಾಮೂಲು ಅವಧಿಯೊಳಗೆ ಇರೋರು ಹೋದ್ರೆ ದುಡ್ಡು ದಂಡ.


ಮಧ್ಯರಾತ್ರಿ_ಕರೆ · ಜೂನ್ 22

ಹದಿಮೂರು ತಿಂಗಳಿಗೆ ಹಾಕಿ ಅಂತ ನಾನು ಹೇಳಿಲ್ಲವಲ್ಲ. ಆದರೆ "ಸರದಿ ಮುರಿಯೋದು" ಅನ್ನೋ ಮಾತು ಮಾತ್ರ ನನಗೆ ಹಿಡಿಸಲಿಲ್ಲ. ಸರದಿ ಅಂತಿದ್ರೆ ಎರಡು ತಿಂಗಳು ತಡವಾಗಿ ಹಾಕಿದವರದ್ದು ಮುಂಚೆ ಆಗ್ತಿರಲಿಲ್ಲ. ಸರದಿಯೇ ಇಲ್ಲದ ಕಡೆ ಮುರಿಯೋದೇನನ್ನ?


ದಾಖಲೆ_ದಾಸ · ಜೂನ್ 22

ಆ ಮಾತಿಗೆ ನನ್ನ ಹತ್ರ ಉತ್ತರ ಇಲ್ಲ. ಒಪ್ಪಿದೆ.


ಎರಡು_ಗಡಿಯಾರ · ಜೂನ್ 24

ಎಲ್ಲರಿಗೂ ಥ್ಯಾಂಕ್ಸ್. ನಮ್ಮದು ವಿಚಾರಿಸೋ ದಿನ ಇನ್ನೂ ಬಂದಿಲ್ಲ. ಅಂದ ಹಾಗೆ ನಮ್ಮನೆಯವರು ಒಂದು ಆ್ಯಪ್ ಹಾಕಿಕೊಂಡಿದಾರೆ. ನಮ್ಮ ನಂಬರಿನ ಹಿಂದುಮುಂದಿನ ಸಾವಿರ ಕೇಸು ನೋಡಿ ನಮ್ಮದು ಯಾವ ದಿನ ಆಗುತ್ತೆ ಅಂತ ಅದು ಹೇಳುತ್ತೆ. ಜೂನ್ 9 ಅಂದಿತ್ತು. ಜೂನ್ 10ಕ್ಕೆ ನೋಡಿದ್ರೆ ಆಗಸ್ಟ್ 2 ಅಂತಿದೆ.


ಬೆಳಗಿನ_ಬಂಡಿ · ಜೂನ್ 24

ಗಿಣಿಶಾಸ್ತ್ರದವರು ಹೆಚ್ಚು ನಂಬಿಕಸ್ಥರು, ಒಮ್ಮೆ ತೆಗೆದ ಕಾರ್ಡ್ ಬದಲಾಯಿಸಲ್ಲ. ಆನ್‌ಲೈನ್ ಕೇಸಿನ ನಂಬರು ಐಓಇ ಅಂತ ಶುರುವಾಗುತ್ತೆ. ಆ ಸಾಲಿನಲ್ಲಿ ಬೇರೆ ಬೇರೆ ಫಾರ್ಮುಗಳೆಲ್ಲ ಕಲಸಿಕೊಂಡಿರುತ್ತೆ. ಪಕ್ಕದ ನಂಬರಿನವರು ನಿಮ್ಮ ಪಕ್ಕ ನಿಂತಿದಾರೆ ಅಂತ ಅರ್ಥ ಅಲ್ಲ. ಆ್ಯಪ್ ತೆಗೆಸಿ, ಇಬ್ಬರೂ ನಿದ್ದೆ ಮಾಡಿ.


ದಾಖಲೆ_ದಾಸ · ಜೂನ್ 25

ನಿದ್ದೆ ಬರದಿದ್ರೆ ಈ ಕೆಲಸ ಮಾಡಿ. ನಮ್ಮ ಕಡೆಯವರಿಗೆ ಗಂಟು ಬೀಳೋದು ಹೆಚ್ಚಾಗಿ ಹೆಸರಿನಲ್ಲಿ. ಜನನ ಪತ್ರದಲ್ಲಿ ಬರೀ ಹೆಸರು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಬಿಡಿಸಿ ಬರೆದದ್ದು, ಮದುವೆ ಸರ್ಟಿಫಿಕೇಟಿನಲ್ಲಿ ಗಂಡನ ಮನೆತನದ ಹೆಸರು. ನಾಲ್ಕು ಕಾಗದ, ನಾಲ್ಕು ಹೆಂಗಸರು. ನನ್ನ ಹೆಂಡತಿಯ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇತ್ತು, ಹಾಗಾಗಿ ಆಕೆ ವೀಸಾದಲ್ಲಿ "ಎಫ್‌ಎನ್‌ಯು" ಅಂತಾಗಿಬಿಟ್ಟಳು. ಮೊದಲ ಹೆಸರು ಗೊತ್ತಿಲ್ಲ ಅಂತ ಅದರರ್ಥ. ಮನೆಯಲ್ಲಿ ಆರು ತಿಂಗಳು ಹಾಗೇ ಕರೆದೆ, ಆಮೇಲೆ ನಿಲ್ಲಿಸಬೇಕಾಯ್ತು. ಬದಲಾಯಿಸೋದಿದ್ರೆ ಎನ್‌ವಿಸಿ ಹಂತಕ್ಕೆ ಮುಂಚೆ ಬದಲಾಯಿಸಿ.

ಕನ್ನಡದಲ್ಲಿರೋ ಕಾಗದ ಪಿಟಿಷನ್ ಜೊತೆ ಹಾಕಿದ್ರೆ ಪೂರ್ತಿ ಇಂಗ್ಲಿಷ್ ಅನುವಾದ ಬೇಕೇ ಬೇಕು. "ಎರಡೂ ಭಾಷೆ ನನಗೆ ಗೊತ್ತು, ಅನುವಾದ ಸರಿಯಾಗಿದೆ" ಅಂತ ಅನುವಾದ ಮಾಡಿದವರ ಸಹಿ ಸಮೇತ. ಸೀಲು ಮೊಹರಿನ ಅಕ್ಷರ ಕೂಡ ಬಿಡಬಾರದು. ನಾನು ಮದುವೆ ಸರ್ಟಿಫಿಕೇಟಿನ ಹಿಂಬದಿ ಬಿಟ್ಟಿದ್ದೆ, ನನ್ನದೇ ತಪ್ಪು. ಅದೊಂದಕ್ಕೆ ಆರ್‌ಎಫ್‌ಇ, ಅಂದ್ರೆ ಇನ್ನಷ್ಟು ಪುರಾವೆ ಕೊಡಿ ಅನ್ನೋ ಕಾಗದ ಬಂತು.

ಇನ್ನು ದೂರ ದೂರ ಇರೋ ಗಂಡ-ಹೆಂಡತಿಗೆ ಜಂಟಿ ಬಾಡಿಗೆ ಕರಾರು, ಜಂಟಿ ಕರೆಂಟ್ ಬಿಲ್ ಎಲ್ಲಿಂದ ಬರಬೇಕು? ಬೋರ್ಡಿಂಗ್ ಪಾಸ್, ಪಾಸ್‌ಪೋರ್ಟಿನ ಮೊಹರು, ಹಣ ಕಳಿಸಿದ ದಾಖಲೆ, ಇನ್ಶೂರೆನ್ಸ್ ನಾಮಿನಿ, ತಿಂಗಳಿಗೊಂದರಂತೆ ಚಾಟಿನ ಪುಟ ಇಟ್ಟುಕೊಳ್ಳಿ. ಮದುವೆ ಆಲ್ಬಮ್ಮಿನ ಇನ್ನೂರು ಫೋಟೋ ಬೇಡ. ಮದುವೆ ಆದ ಮೇಲಿನ ಇಪ್ಪತ್ತು ಸಾಕು.


ಎರಡು_ಗಡಿಯಾರ · ಜುಲೈ 19

ಸ್ಟೇಟಸ್ ಬದಲಾಯ್ತು. ಆರ್‌ಎಫ್‌ಇ. ಮದುವೆ ನಿಜವಾದದ್ದು ಅನ್ನೋದಕ್ಕೆ ಇನ್ನಷ್ಟು ಪುರಾವೆ ಬೇಕಂತೆ. ನೋಡಿ ಅತ್ತುಬಿಟ್ಟೆ. ಹದಿನಾಲ್ಕು ತಿಂಗಳು ಆದ ಮೇಲೆ ನೀವು ನಿಜವಾಗಿ ಗಂಡ-ಹೆಂಡತಿಯಾ ಅಂತ ಕೇಳೋದಾ?


ಹಳೇ_ಫೈಲು · ಜುಲೈ 19

ಅಳಬೇಡಿ ಅಮ್ಮಾ. ಇದನ್ನ ಹೀಗೆ ನೋಡಿ: ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ಒಬ್ಬ ಮನುಷ್ಯ ನಿಮ್ಮ ಫೈಲು ತೆರೆದಿದಾನೆ. ಊರಿಗೆ ಬಂದವಳು ನೀರಿಗೆ ಬರಲೇಬೇಕು ಅನ್ನೋ ಹಾಗೆ ಇದು ಬರೋದಿತ್ತು, ಬಂತು.

ಉತ್ತರಕ್ಕೆ ಹೆಚ್ಚೆಂದರೆ 12 ವಾರ ಇರುತ್ತೆ, ಕಾಗದದಲ್ಲಿ ಕೊನೇ ದಿನ ಬರೆದಿರುತ್ತಾರೆ, ಅದೇ ಪ್ರಮಾಣ. ಉತ್ತರ ಒಂದೇ ಸಲ. ಇವತ್ತು ಅರ್ಧ, ಮುಂದಿನ ವಾರ ಅರ್ಧ ಅಂತಿಲ್ಲ. ಮೊದಲು ಕಳಿಸಿದ ಅರ್ಧವನ್ನೇ ಇಟ್ಟುಕೊಂಡು ತೀರ್ಮಾನ ಮಾಡಿಬಿಡಬಹುದು. ಎಲ್ಲ ಒಟ್ಟುಮಾಡಿ, ಮುಂದೆ ಒಂದು ಪುಟದಲ್ಲಿ ಏನೇನಿದೆ ಅಂತ ಪಟ್ಟಿ ಹಾಕಿ ಒಮ್ಮೆಲೇ ಕಳಿಸಿ. ದಾಖಲೆ_ದಾಸರು ಹೇಳಿದ ಪ್ರಕಾರ ಇಟ್ಟುಕೊಂಡಿದ್ರೆ ಒಂದು ವಾರದ ಕೆಲಸ.


ಎರಡು_ಗಡಿಯಾರ · ಜುಲೈ 20

ಇಟ್ಟುಕೊಂಡಿದೀನಿ. ಚಾಟಿನ ಪುಟಗಳಿಗಾಗಿ ಹಿಂದಿನದ್ದೆಲ್ಲ ಓದ್ತಾ ಕೂತೆ. ಅರ್ಧಕ್ಕರ್ಧ "ಸ್ಟೇಟಸ್ ನೋಡಿದ್ರಾ?" "ಇಲ್ಲ, ನೀನು?" ಅದನ್ನೇ ಕಳಿಸಲಾ?


ತಾಳ್ಮೆ_ಇಲ್ಲ · ಜುಲೈ 20

ಕಳಿಸಿ. ಇದಕ್ಕಿಂತ ದೊಡ್ಡ ಪುರಾವೆ ಏನಿದೆ?


ಎರಡು_ಗಡಿಯಾರ · ಸೆಪ್ಟೆಂಬರ್ 6

ಅಪ್ರೂವ್ ಆಯ್ತು!! ಆರ್‌ಎಫ್‌ಇ ಉತ್ತರ ತಲುಪಿ ಐದು ವಾರಕ್ಕೆ. ಹಾಕಿದ ದಿನದಿಂದ ಹದಿನಾರು ತಿಂಗಳು. ನಮ್ಮನೆಯವರು ಮೀಟಿಂಗ್‌ನಲ್ಲಿದ್ರಂತೆ, ಎದ್ದು ಹೊರಗೆ ಬಂದು ಫೋನ್ ಮಾಡಿದ್ರು. ಈಗ ಎನ್‌ವಿಸಿ. ಅಲ್ಲೇನು ಮಾಡಬೇಕು, ಚಿಕ್ಕದಾಗಿ ಹೇಳ್ತೀರಾ?


ಹಳೇ_ಫೈಲು · ಸೆಪ್ಟೆಂಬರ್ 6

ಅಭಿನಂದನೆ. ವೀಸಾ ಅರ್ಜಿಗೆ 325 ಡಾಲರ್, ಹಣಕಾಸಿನ ಕಾಗದಕ್ಕೆ 120. ನಿಮ್ಮನೆಯವರು ಆ ಹಣಕಾಸಿನ ಕಾಗದ, ಐ-864, ತುಂಬಬೇಕು. ಇಬ್ಬರ ಸಂಸಾರ ಅಂದ್ರೆ 2025ರ ಲೆಕ್ಕದಲ್ಲಿ ವರ್ಷಕ್ಕೆ 26,437 ಡಾಲರ್ ಆದಾಯ ಇರಬೇಕು, ಬಡತನ ರೇಖೆಯ ಶೇ 125. ಕಡಿಮೆ ಇದ್ರೆ ಜಂಟಿ ಪ್ರಾಯೋಜಕರು ಬೇಕು. ನೀವು ಪಾಸ್‌ಪೋರ್ಟ್ ಕಚೇರಿಯಿಂದ ಪೊಲೀಸ್ ಕ್ಲಿಯರೆನ್ಸ್ ತಗೊಳ್ಳಿ. ಎಲ್ಲ ಸರಿಯಿದೆ ಅಂತ ಎನ್‌ವಿಸಿ ಒಪ್ಪಿದ ಮೇಲೆ ಮುಂಬೈ ಕಾನ್ಸುಲೇಟಿನ ಇಂಟರ್‌ವ್ಯೂ ತಾರೀಕು ಬರುತ್ತೆ. ಮೆಡಿಕಲ್ ಈಗಲೇ ಮಾಡಿಸಬೇಡಿ. ಅದರ ಅವಧಿ ಹೆಚ್ಚೆಂದರೆ ಆರು ತಿಂಗಳು, ವೀಸಾದ ಅವಧಿಯೂ ಅದಕ್ಕೇ ಜೋತುಬೀಳುತ್ತೆ.

ಇನ್ನೊಂದು. ನಿಮ್ಮ ಮದುವೆ 2024ರ ಫೆಬ್ರವರಿ 11 ಅಂದ್ರಿ. ಅಮೆರಿಕಕ್ಕೆ ಕಾಲಿಡೋ ದಿನ ಮದುವೆಗೆ ಎರಡು ವರ್ಷ ತುಂಬಿಲ್ಲದಿದ್ರೆ ಸಿಆರ್-1, ಎರಡೇ ವರ್ಷದ ಷರತ್ತಿನ ಕಾರ್ಡು. ತುಂಬಿದ್ರೆ ಐಆರ್-1, ಹತ್ತು ವರ್ಷದ್ದು. ಲೆಕ್ಕಕ್ಕೆ ಬರೋದು ಕಾಲಿಟ್ಟ ದಿನ, ವೀಸಾ ಕೊಟ್ಟ ದಿನ ಅಲ್ಲ. ಇಷ್ಟು ಕಾದದ್ದಕ್ಕೆ ಇದೊಂದು ಲಾಭ ಸಿಕ್ಕರೂ ಸಿಗಬಹುದು.


ಎರಡು_ಗಡಿಯಾರ · 2026 ಜನವರಿ 17

ಮುಂಬೈ ಇಂಟರ್‌ವ್ಯೂ ಮುಗೀತು. ಇಪ್ಪತ್ತು ತಿಂಗಳ ಎದೆಬಡಿತಕ್ಕೆ ನಾಲ್ಕು ನಿಮಿಷದ ಪ್ರಶ್ನೆ. ಎಲ್ಲಿ ಭೇಟಿಯಾದ್ರಿ, ಅವರು ಏನು ಕೆಲಸ ಮಾಡ್ತಾರೆ, ಕೊನೇ ಸಲ ಯಾವಾಗ ನೋಡಿದ್ರಿ. ಅಷ್ಟೇ. ಪಾಸ್‌ಪೋರ್ಟ್ ಇವತ್ತು ಕೈಗೆ ಬಂತು, ಜೂನ್ ತನಕ ಅವಧಿ ಇದೆ.

ಈಗ ಮನೆಯಲ್ಲಿ ಹೊಸ ಜಗಳ. ಹಳೇ_ಫೈಲು ಅವರು ಹೇಳಿದ್ದನ್ನ ನಮ್ಮನೆಯವರು ಎಕ್ಸೆಲ್‌ನಲ್ಲಿ ಹಾಕಿಕೊಂಡು ಕೂತಿದಾರೆ. ಫೆಬ್ರವರಿ 11 ದಾಟಿ ಬಂದ್ರೆ ಷರತ್ತು ತೆಗೆಸೋ ಐ-751 ಬೇಡ, 750 ಡಾಲರ್ ಉಳಿಯುತ್ತೆ, ಇನ್ನೊಂದು ಕಾಯುವಿಕೆ ತಪ್ಪುತ್ತೆ ಅಂತ. ನಾನು ಹೇಳಿದೆ, 750 ನಾನೇ ಕೊಡ್ತೀನಿ, ಮುಂದಿನ ವಾರದ ಟಿಕೆಟ್ ತೆಗೀರಿ.


ದಾಖಲೆ_ದಾಸ · ಜನವರಿ 17

ಮೇಡಂ, ನಿಮ್ಮನೆಯವರ ಪರ ಒಂದು ಮಾತು. ಐ-751 ಹಾಕಿದ ಮೇಲೆ ಕಾರ್ಡಿನ ಅವಧಿಯನ್ನ 48 ತಿಂಗಳು ವಿಸ್ತರಿಸೋ ಚೀಟಿ ಕೊಡ್ತಾರೆ. ನಲವತ್ತೆಂಟು! ಅಷ್ಟು ವಿಸ್ತರಣೆ ಯಾಕೆ ಬೇಕಾಗುತ್ತೆ ಅಂತ ನೀವೇ ಯೋಚಿಸಿ. ಮತ್ತೆ ಆ ಚಾಟಿನ ಪುಟಗಳು, ಮತ್ತೆ ಫೋಟೋ. ಇನ್ನು 25 ದಿನ ಅಷ್ಟೇ.


ಮಧ್ಯರಾತ್ರಿ_ಕರೆ · ಜನವರಿ 18

ನಾನು ಸಿಆರ್-1ನಲ್ಲೇ ಬಂದವಳು, ಐ-751 ಇನ್ನೂ ನಡೀತಿದೆ. ಆದ್ರೂ ಬೇಗ ಬಂದದ್ದಕ್ಕೆ ಒಂದು ದಿನವೂ ಬೇಸರ ಪಟ್ಟಿಲ್ಲ. ನಿಮ್ಮಿಷ್ಟ. ಯಾವ ದಿನ ಬಂದ್ರೂ 235 ಡಾಲರ್ ಇಮಿಗ್ರಂಟ್ ಫೀಸು ಮಾತ್ರ ವಿಮಾನ ಹತ್ತೋ ಮುಂಚೆ ಆನ್‌ಲೈನಿನಲ್ಲಿ ಕಟ್ಟಿಬಿಡಿ, ಕಾರ್ಡು ಬೇಗ ಮನೆಗೆ ಬರುತ್ತೆ. ಅಲ್ಲಿ ತನಕ ವೀಸಾ ಮೇಲಿನ ಮೊಹರೇ ಒಂದು ವರ್ಷ ಗ್ರೀನ್ ಕಾರ್ಡ್ ಇದ್ದ ಹಾಗೆ.


ಎರಡು_ಗಡಿಯಾರ · ಜನವರಿ 20

ಟಿಕೆಟ್ ಆಯ್ತು. ಫೆಬ್ರವರಿ 12. ನಾನೇ ಸೋತೆ. ಒಂದು ಷರತ್ತು ಹಾಕಿದೀನಿ: ಆ ಎಕ್ಸೆಲ್ ಫೈಲು ನಾನು ಇಳಿಯೋ ಹೊತ್ತಿಗೆ ಡಿಲೀಟ್ ಆಗಿರಬೇಕು.


ಗಡಿನಾಡ_ಹುಡುಗ · ಜನವರಿ 20

ಶುಭಾಶಯ ತಂಗಿ. ನಂದು ಎನ್-400 ಡಿಸೆಂಬರಿಗೆ ಹಾಕೀನಿ. ಬೆರಳಚ್ಚು ಮುಗದೈತಿ, ಇಂಟರ್‌ವ್ಯೂಗೆ ಕಾಯಾಕತ್ತೀನಿ. ಮಗಳ ಪಿಟಿಷನ್ನಿನ ಸ್ಟೇಟಸ್ ಇನ್ನೂ ಮೊದಲಿನಂಗನ ಐತಿ. ಹಳೇ_ಫೈಲು ಸರ್, ಅಮ್ಮಂದು ಮಗಳದು ಎರಡೂ ಪಿಟಿಷನ್ ಎನ್‌ವಿಸಿಯೊಳಗ ಒಟ್ಟಿಗೆ ಸಾಗಸ್ರಿ ಅಂತ ಕೇಳಾಕ ಬರತೈತೇನು?